ಬಿಳಿ ಜಾಗ ನೀರಿನದು: ಕಲ್ಲಚ್ಚಿಗೊಂದು ಭಿತ್ತಿಪತ್ರ



ಆವಿಷ್ಕಾರ ಮತ್ತು ಮುದ್ರಣಕಲೆ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಈ ಉಪನ್ಯಾಸದ ಸಂಘಟಕರು ಕೇಳಿದ್ದರು. ವಿಷಯ ದೊಡ್ಡದು, ಸಮಯ ಒಂದು ಗಂಟೆ. ಹಾಗಾಗಿ ಅದನ್ನು ಒಂದೇ ಪ್ರಶ್ನೆಗೆ ಇಳಿಸಿಕೊಂಡಿದ್ದೇನೆ. ಚರಿತ್ರೆಯ ಯಾವುದೋ ಒಂದು ಆವಿಷ್ಕಾರದ ಬಗ್ಗೆ ಭಿತ್ತಿಪತ್ರವೊಂದನ್ನು ನಾವೇ ಬರೆದು, ನಾವೇ ಕೈಯಾರೆ ಅಚ್ಚು ಹಾಕಬೇಕಾಗಿದೆ ಎಂದುಕೊಳ್ಳಿ. ಅದರಲ್ಲಿ ಏನನ್ನು ತೋರಿಸಬೇಕು?

ಕಲಾಶಾಲೆಗಳಲ್ಲಿ ಇಂಥ ಅಭ್ಯಾಸವನ್ನು ಕೊಡುವ ವಾಡಿಕೆ ಇದೆ. ಬರುವ ಕರಡುಗಳೂ ಸಾಮಾನ್ಯವಾಗಿ ಒಂದೇ ಬಗೆಯವು. ನಡುವೆ ಆವಿಷ್ಕಾರ ಮಾಡಿದವರ ಮುಖ, ಪಕ್ಕದಲ್ಲಿ ಯಂತ್ರ, ಮೂಲೆಯಲ್ಲಿ ಎರಡು ಹಲ್ಲುಚಕ್ರ, ಕೆಳಗೆ ದೊಡ್ಡದಾಗಿ ಇಸವಿ. ಕೈ ಪಳಗಿದವರು ಬರೆದರೆ ಇದೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಮುಖವನ್ನು ತೆಗೆದು ಬೇರೊಂದು ಮುಖ ಹಾಕಿದರೆ ಅದೇ ಭಿತ್ತಿಪತ್ರ ಇನ್ನೊಂದು ಆವಿಷ್ಕಾರಕ್ಕೂ ಸಲ್ಲುತ್ತದೆ. ಇದು ಪಠ್ಯಪುಸ್ತಕದ ಚಿತ್ರ. ಮುದ್ರಣಕಲೆ ಇದಕ್ಕಿಂತ ಹೆಚ್ಚಿನದನ್ನು ಮಾಡಬಲ್ಲದು. ಆವಿಷ್ಕಾರದ ಒಳಗುಟ್ಟು ಏನಿದೆಯೋ ಅದೇ ಹಾಳೆಯ ಮೇಲೆ ಕೆಲಸ ಮಾಡುವಂತಿರಬೇಕು, ನೋಡುವವನ ಕಣ್ಣೆದುರು ಅದು ಮತ್ತೊಮ್ಮೆ ನಡೆಯಬೇಕು. ಇವತ್ತು ನಾನು ಹೇಳಲು ಬಂದಿರುವುದು ಇಷ್ಟನ್ನೇ. ಉಳಿದದ್ದು ಅದಕ್ಕೆ ಉದಾಹರಣೆ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಕಲ್ಲಚ್ಚು, ಅಂದರೆ ಲಿಥೋಗ್ರಫಿ. ಅದಕ್ಕೊಂದು ಕಾರಣವಿದೆ. ನಾವು ಇವತ್ತು ಪೋಸ್ಟರ್ ಎಂದು ಕರೆಯುವ ವಸ್ತು ಹುಟ್ಟಿದ್ದೇ ಈ ಆವಿಷ್ಕಾರದ ಹೊಟ್ಟೆಯಲ್ಲಿ. ಕನ್ನಡದ ಮೊದಲ ಪತ್ರಿಕೆ ಹೊರಬಂದದ್ದೂ ಇದರಿಂದಲೇ.

ಕಲ್ಲಚ್ಚನ್ನು ಕಂಡುಹಿಡಿದ ಆಲೋಯಿಸ್ ಸೆನೆಫೆಲ್ಡರ್ 1771ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದವನು. ತಂದೆ ನಾಟಕದ ನಟ. ಮಗ ಇಂಗೋಲ್‌ಸ್ಟಾಟ್‌ನಲ್ಲಿ ಕಾನೂನು ಓದುತ್ತಿದ್ದಾಗ, 1791ರಲ್ಲಿ ತಂದೆ ತೀರಿಕೊಂಡರು. ಓದು ಅಲ್ಲಿಗೇ ನಿಂತಿತು. ಮನೆಯ ಭಾರ ತಲೆಯ ಮೇಲೆ ಬಿದ್ದ ಈ ಹುಡುಗ ನಾಟಕ ಬರೆಯತೊಡಗಿದ. ಬರೆದದ್ದನ್ನು ಅಚ್ಚು ಹಾಕಿಸುವ ಖರ್ಚಿಗೆ ಕೈಯಲ್ಲಿ ಕಾಸಿರಲಿಲ್ಲ. ತಾನೇ ಅಚ್ಚು ಹಾಕುವ ಅಗ್ಗದ ದಾರಿಯೊಂದು ಸಿಕ್ಕರೆ ಸಾಕು ಎಂದು ಮ್ಯೂನಿಕ್‌ನಲ್ಲಿ ಹುಡುಕಾಟಕ್ಕೆ ಇಳಿದ. ಮೊದಲು ತಾಮ್ರದ ತಗಡಿನ ಮೇಲೆ ತಿರುಗುಮುರುಗಾಗಿ ಬರೆದು ಆಮ್ಲದಲ್ಲಿ ಕೊರೆಯುವ ಪ್ರಯತ್ನ. ತಾಮ್ರ ದುಬಾರಿ. ಅದಕ್ಕೆ ಬರವಣಿಗೆಯ ಅಭ್ಯಾಸಕ್ಕೆಂದು ಬವೇರಿಯದ ಸೋಲ್ನ್‌ಹೋಫನ್ ಕಡೆಯ ನುಣುಪು ಸುಣ್ಣಕಲ್ಲಿನ ಚಪ್ಪಡಿಯನ್ನು ಬಳಸತೊಡಗಿದ. ಆ ಊರಿನ ಕಡೆ ನೆಲಕ್ಕೆ ಹಾಸುತ್ತಿದ್ದ ಕಲ್ಲು ಅದು.

ಮುಂದಿನ ಕಥೆ ನಿಮಗೆ ಗೊತ್ತಿರಬಹುದು. 1796ರಲ್ಲಿ ಒಂದು ದಿನ ಬಟ್ಟೆ ಒಗೆಯುವವಳು ಬಂದು ನಿಂತಿದ್ದಾಳೆ, ತಾಯಿ ಬಟ್ಟೆಗಳ ಪಟ್ಟಿ ಬರೆದುಕೊಡು ಎನ್ನುತ್ತಾಳೆ, ಮನೆಯಲ್ಲಿ ಒಂದು ಚೂರು ಕಾಗದವೂ ಇಲ್ಲ. ಮಗ ಮೇಣ, ಸೋಪು, ದೀಪದ ಕಾಡಿಗೆ ಕಲಸಿ ಮಾಡಿಟ್ಟುಕೊಂಡಿದ್ದ ಮಸಿಯಲ್ಲಿ ಕಲ್ಲಿನ ಮೇಲೆಯೇ ಪಟ್ಟಿ ಬರೆಯುತ್ತಾನೆ. ಆಮೇಲೆ ಒರೆಸಿಹಾಕುವ ಮುಂಚೆ, ಇದರ ಮೇಲೆ ಆಮ್ಲ ಸುರಿದರೆ ಏನಾದೀತು ಎಂದು ಅವನಿಗೆ ಹೊಳೆಯುತ್ತದೆ. ಇದನ್ನು ಅವನೇ 1818ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ.

ಭಿತ್ತಿಪತ್ರ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕೆ ಎನಿಸುತ್ತದೆ. ಪಟ್ಟಿ ಬರೆದ ಕಲ್ಲೊಂದನ್ನು ತೋರಿಸಿಬಿಟ್ಟರೆ ಮುಗಿಯಿತಲ್ಲ! ನನ್ನ ವಿರೋಧ ಇಲ್ಲೇ ಇದೆ. ಆ ದಿನ ಆದದ್ದು ಕಲ್ಲಚ್ಚಿನ ಆವಿಷ್ಕಾರವೇ ಅಲ್ಲ. ಆಮ್ಲ ಸುತ್ತಲಿನ ಕಲ್ಲನ್ನು ತಿಂದಿತು, ಮೇಣದ ಮಸಿ ಇದ್ದಲ್ಲಿ ತಿನ್ನಲಿಲ್ಲ, ಅಕ್ಷರಗಳು ತುಸು ಉಬ್ಬಿ ನಿಂತವು. ಅದು ಮರದಚ್ಚಿನ ಹಳೆಯ ತತ್ತ್ವವೇ. ಉಬ್ಬಿದ್ದಕ್ಕೆ ಮಸಿ ತಗಲುತ್ತದೆ, ತಗ್ಗಿಗೆ ತಗಲುವುದಿಲ್ಲ. ಆ ಮೊದಲು ಲೋಕಕ್ಕೆ ಎರಡೇ ಬಗೆಯ ಅಚ್ಚು ಗೊತ್ತಿದ್ದವು ಎನ್ನಬಹುದು: ಉಬ್ಬಿದ್ದು ಮಸಿ ಹಿಡಿಯುವ ಮರದಚ್ಚು ಮತ್ತು ಅಚ್ಚುಮೊಳೆ, ಕೊರೆದ ಗೆರೆ ಮಸಿ ಹಿಡಿಯುವ ತಾಮ್ರದ ತಗಡು. ಎರಡರಲ್ಲೂ ಎತ್ತರ ತಗ್ಗುಗಳ ಲೆಕ್ಕಾಚಾರ.

ಸೆನೆಫೆಲ್ಡರ್ ಅಲ್ಲಿಗೆ ನಿಲ್ಲಲಿಲ್ಲ. ಫ್ರಾಂಜ್ ಗ್ಲೈಸ್ನರ್ ಎಂಬ ಸಂಗೀತಗಾರನ ಜೊತೆ ಸೇರಿ ಸ್ವರಲಿಪಿಗಳನ್ನು ಅಚ್ಚು ಹಾಕುತ್ತಲೇ ಹುಡುಕಾಟ ಮುಂದುವರಿಸಿದ. ನಿಜವಾದ ಮೂರನೆಯ ದಾರಿ ಸಿಕ್ಕಿದ್ದು 1798ರಲ್ಲಿ. ಅದರಲ್ಲಿ ಎತ್ತರವೂ ಇಲ್ಲ, ತಗ್ಗೂ ಇಲ್ಲ. ಕಲ್ಲು ಸಪಾಟಾಗಿಯೇ ಇರುತ್ತದೆ. ಜಿಡ್ಡಿನ ಕಡ್ಡಿಯಿಂದ ಬರೆದ ಜಾಗ ಜಿಡ್ಡನ್ನು ಕರೆಯುತ್ತದೆ. ಬರೆಯದ ಜಾಗ ನೀರನ್ನು ಹಿಡಿದುಕೊಂಡು ಜಿಡ್ಡನ್ನು ಓಡಿಸುತ್ತದೆ. ಮಸಿಯ ರೋಲರನ್ನು ಇಡೀ ಕಲ್ಲಿನ ಮೇಲೆ ಉರುಳಿಸಿದರೂ ಮಸಿ ತಾನು ಸೇರಬೇಕಾದಲ್ಲಿ ಮಾತ್ರ ಸೇರುತ್ತದೆ. ಅವನು ಇದನ್ನು ರಾಸಾಯನಿಕ ಮುದ್ರಣ ಎಂದೇ ಕರೆದ. ಪಟ್ಟಿಯ ಕಥೆಗೂ ಈ ದಿನಕ್ಕೂ ನಡುವೆ ಎರಡು ವರ್ಷದ ದುಡಿಮೆ ಇದೆ. ಪಟ್ಟಿಯನ್ನೇ ಭಿತ್ತಿಪತ್ರಕ್ಕೆ ಏರಿಸಿದರೆ ಆ ದುಡಿಮೆಯನ್ನು ಅಳಿಸಿ ಅದೃಷ್ಟವನ್ನು ಕೂರಿಸಿದಂತೆ. ಅದಕ್ಕೆ ನಾನು ಒಪ್ಪುವುದಿಲ್ಲ. ನಮ್ಮ ಹಾಳೆಯ ಮೇಲೆ ಬರಬೇಕಾದ ಇಸವಿ 1798.

ಆ ಕಲ್ಲಿನ ಬಗ್ಗೆ ಒಂದು ಮಾತು. ಸುಮಾರು 15 ಕೋಟಿ ವರ್ಷಗಳ ಹಿಂದೆ ಶಾಂತವಾದ ಹಿನ್ನೀರುಗಳ ತಳದಲ್ಲಿ ಕೂತ ಸುಣ್ಣದ ಕೆಸರು ಅದು. ಕಣ ಎಷ್ಟು ಸಣ್ಣದೆಂದರೆ ಪೆನ್ಸಿಲ್ಲಿನ ಸೂಕ್ಷ್ಮ ಛಾಯೆಯನ್ನೂ ಅದು ಬಿಟ್ಟುಕೊಡುವುದಿಲ್ಲ. ಅದೇ ಗಣಿಗಳಲ್ಲಿ 1860ರ ಆಸುಪಾಸಿನಲ್ಲಿ ಒಂದು ಗರಿಯ ಅಚ್ಚು ಸಿಕ್ಕಿತು, ಆಮೇಲೆ ಇಡೀ ಹಕ್ಕಿಯದು. ಹಕ್ಕಿಗೂ ಸರೀಸೃಪಕ್ಕೂ ನಡುವಿನ ಆ ಜೀವಿಗೆ 1861ರಲ್ಲಿ ಇಟ್ಟ ಹೆಸರು ಆರ್ಕಿಯೋಪ್ಟೆರಿಕ್ಸ್ ಲಿಥೋಗ್ರಫಿಕ. ಮುದ್ರಕರು ಕಲ್ಲು ಅಗೆಸದಿದ್ದರೆ ಆ ಹಕ್ಕಿ ಬೆಳಕಿಗೆ ಬರುತ್ತಿತ್ತೋ ಇಲ್ಲವೋ!

ಇನ್ನು ಪೋಸ್ಟರಿನ ಹುಟ್ಟಿಗೆ ಬರೋಣ. ಕಲ್ಲಚ್ಚಿಗೆ ಮುಂಚೆ ಗೋಡೆಗೆ ಅಂಟಿಸುತ್ತಿದ್ದ ಜಾಹೀರಾತುಗಳು ಬಹುಮಟ್ಟಿಗೆ ಅಚ್ಚುಮೊಳೆಯವು. ಸಾಲಿನ ಮೇಲೆ ಸಾಲು, ಮಧ್ಯೆ ಒಂದು ಪುಟ್ಟ ಮರದಚ್ಚಿನ ಚಿತ್ರ. ಚಿತ್ರ ಬೇರೆ, ಅಕ್ಷರ ಬೇರೆ. ಕಲ್ಲಿನ ಮೇಲೆ ಈ ಜಾತಿಭೇದ ಇಲ್ಲ. ಒಂದೇ ಕೈ ಎರಡನ್ನೂ ಬರೆಯಬಹುದು. ಇದರ ಪೂರ್ತಿ ಲಾಭ ಪಡೆದವನು ಜೂಲ್ಸ್ ಶೆರೆ. ಲಂಡನ್ನಿನಲ್ಲಿ ಕೆಲಸ ಕಲಿತು 1866ರಲ್ಲಿ ಪ್ಯಾರಿಸ್ಸಿಗೆ ಮರಳಿ ಅಚ್ಚುಕೂಟ ಹಾಕಿದ. ಕೆಲವೇ ಕಲ್ಲುಗಳಲ್ಲಿ, ಒಂದರ ಮೇಲೊಂದು ಪಾರದರ್ಶಕ ಬಣ್ಣ ಹಾಕಿ, ನೂರು ಬಣ್ಣದ ಭ್ರಮೆ ಹುಟ್ಟಿಸಿದ. ಸಾವಿರಕ್ಕೂ ಹೆಚ್ಚು ಪೋಸ್ಟರ್ ಅವನ ಕೈಯಿಂದ ಬಂದವು. 1881ರ ಜುಲೈ 29ರ ಫ್ರೆಂಚ್ ಪತ್ರಿಕಾ ಸ್ವಾತಂತ್ರ್ಯದ ಕಾನೂನು ಗೋಡೆಗೆ ಅಂಟಿಸುವ ಸ್ವಾತಂತ್ರ್ಯವನ್ನೂ ಕೊಟ್ಟಿತು. ಪ್ಯಾರಿಸ್ಸಿನ ಬೀದಿಗಳು ಬಣ್ಣದಲ್ಲಿ ತೊಯ್ದವು.

ಮೂಲಾಂ ರೂಜ್ ಎಂಬ ನೃತ್ಯಶಾಲೆಗೆ ತುಲೂಸ್ ಲೊಟ್ರೆಕ್ ಬರೆದ, 1891ರಲ್ಲಿ ಬಂದ ಪೋಸ್ಟರನ್ನು ಒಮ್ಮೆ ಗಮನವಿಟ್ಟು ನೋಡಿ. ಆಳೆತ್ತರದ ಹಾಳೆ. ಮುಂದೆ ಬೂದು ಬಣ್ಣದ ಒಬ್ಬ ಗಂಡಸಿನ ನೆರಳು, ಹಿಂದೆ ಕಪ್ಪು ನೆರಳುಗಳಾಗಿ ನಿಂತ ಜನ, ನಡುವೆ ಕಾಲೆತ್ತಿ ಕುಣಿಯುವ ನರ್ತಕಿ ಲಾ ಗೂಲೂ. ಎಲ್ಲರ ಕಣ್ಣೂ ಹೋಗುವುದು ಅವಳ ಲಂಗಕ್ಕೆ. ಆ ಲಂಗದ ಬಿಳುಪು ಬಹುಪಾಲು ಬರಿಯ ಕಾಗದ. ಲೊಟ್ರೆಕ್ ಅಲ್ಲಿ ಏನನ್ನೂ ಅಚ್ಚು ಹಾಕಿಲ್ಲ. ಅಲ್ಲಿ ಕಲ್ಲಿನ ಮೇಲೆ ನೀರಿತ್ತು, ಅಷ್ಟೆ. ನನ್ನ ಪ್ರಕಾರ ಕಲ್ಲಚ್ಚನ್ನು ಅವನಷ್ಟು ಒಳಹೊಕ್ಕು ಅರಿತ ಪೋಸ್ಟರುಗಾರ ಇನ್ನೊಬ್ಬನಿಲ್ಲ.

ಈಗ ನಮ್ಮ ಕಡೆಗೆ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಅಚ್ಚುಕೂಟ ಕಲ್ಲಚ್ಚಿನದು. ಆ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಿನಿಂದ ಎತ್ತಿದ ಹಾಳೆ. ಆ ದಿನವನ್ನೇ ನಾವು ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಮುಂದೆ 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿಯೇ ಬಂದವು. ಕನ್ನಡಕ್ಕೆ ಅಚ್ಚುಮೊಳೆ ಆಗಲೇ ಇತ್ತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಷ್ಟು ಹಿಂದೆಯೇ ಸೆರಾಂಪುರದಲ್ಲಿ ಅಚ್ಚಾಗಿತ್ತು. ಆದರೆ ನಮ್ಮ ಕಾಗುಣಿತ, ಒತ್ತಕ್ಷರಗಳಿಗೆ ನೂರಾರು ಮೊಳೆ ಕೊರೆಸಿ, ಎರಕ ಹೊಯ್ಯಿಸಿ, ಜೋಡಿಸಬೇಕು. ಕಲ್ಲಿನ ಎದುರು ಕೂತ ಲಿಪಿಕಾರನಿಗೆ ಒತ್ತು ಕೊಡುವುದು ಓಲೆಯಲ್ಲಿ ಕೊಟ್ಟಷ್ಟೇ ಸಹಜ. ಓಲೆಗರಿಯ ಕೈ ನೇರವಾಗಿ ಅಚ್ಚಿಗೆ ಇಳಿದ ಆ ಕೆಲವು ವರ್ಷಗಳು ಕನ್ನಡ ಅಕ್ಷರಚಿತ್ರದ ಚರಿತ್ರೆಯಲ್ಲಿ ದೊಡ್ಡವು. ಅವುಗಳ ಮೇಲೆ ಸಾಹಿತ್ಯದವರು ಕೆಲಸ ಮಾಡಿದ್ದಾರೆ. ಚಿತ್ರಕಲೆಯವರು ಇನ್ನೂ ಮಾಡಬೇಕಾದದ್ದಿದೆ.

ಐವತ್ತು ವರ್ಷದ ಮೇಲೆ, 1894ರಲ್ಲಿ, ರಾಜಾ ರವಿವರ್ಮರು ಮುಂಬಯಿಯಲ್ಲಿ ಜರ್ಮನ್ ಯಂತ್ರ, ಜರ್ಮನ್ ಕೆಲಸಗಾರರನ್ನು ಇಟ್ಟುಕೊಂಡು ಹಾಕಿದ ಅಚ್ಚುಕೂಟವೂ ಇದೇ ಕುಲದ್ದು. ನಮ್ಮ ಅಜ್ಜಿಯರ ದೇವರಮನೆಯ ಲಕ್ಷ್ಮಿ, ಸರಸ್ವತಿಯರು ಬಣ್ಣಕ್ಕೊಂದು ಕಲ್ಲಿನಂತೆ, ಹಲವು ಕಲ್ಲುಗಳ ಮೇಲಿಂದ ಎದ್ದು ಬಂದವರು.

ಮತ್ತೆ ನಮ್ಮ ಪ್ರಶ್ನೆ. ಆವಿಷ್ಕಾರವನ್ನು ಅದರ ಗುಟ್ಟಿನಿಂದಲೇ ಗೌರವಿಸಿದವರು ಹಿಂದೆ ಇದ್ದಾರೆಯೆ? ಇದ್ದಾರೆ. 1839ರಲ್ಲಿ ಲಿಯೋನಿನಲ್ಲಿ ಜಕಾರ್ಡನ ಚಿತ್ರವೊಂದು ತಯಾರಾಯಿತು. ನೋಡಿದರೆ ತಾಮ್ರದಚ್ಚಿನ ಚಿತ್ರದಂತೆ ಕಾಣುವ ಅದು ರೇಷ್ಮೆಯ ನೇಯ್ಗೆ. ಜಕಾರ್ಡ್ ರೂಪಿಸಿದ, ತೂತಿನ ರಟ್ಟುಗಳಿಂದ ನಡೆಯುವ ಮಗ್ಗದ ಮೇಲೆ, ಸುಮಾರು 24,000 ರಟ್ಟುಗಳನ್ನು ಬಳಸಿ ಅವನ ಮುಖವನ್ನೇ ನೇಯ್ದಿದ್ದರು. ಅಲ್ಲಿ ಮುಖ ಇದೆ ನಿಜ. ಆದರೆ ಆ ಮುಖ ಅವನ ಆವಿಷ್ಕಾರಕ್ಕೆ ಸಾಕ್ಷಿ ನುಡಿಯುತ್ತದೆ. ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅದರ ಒಂದು ಪ್ರತಿಯನ್ನು ತನ್ನ ಮನೆಯಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದ.

ಇನ್ನೊಬ್ಬಳು ಇಂಗ್ಲೆಂಡಿನ ಆನಾ ಆಟ್ಕಿನ್ಸ್. ಬಿಸಿಲಿಗೆ ನೀಲಿಯಾಗುವ ಸಯನೋಟೈಪ್ ವಿಧಾನವನ್ನು ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ. ಮರುವರ್ಷವೇ ಆಕೆ ಕಡಲಪಾಚಿಗಳನ್ನು ಆ ಕಾಗದದ ಮೇಲಿಟ್ಟು ಪುಸ್ತಕ ಮಾಡತೊಡಗಿದಳು. ಪಾಚಿಯ ಹೆಸರುಗಳನ್ನೂ ಕೈಯಲ್ಲಿ ಬರೆದು, ಅದೇ ಬಿಸಿಲಿನಲ್ಲಿ, ಅದೇ ನೀಲಿಯಲ್ಲಿ ಮೂಡಿಸಿದಳು. ಅಕ್ಷರಕ್ಕೆ ಅಚ್ಚುಮೊಳೆಯ ಸಹಾಯ ಬೇಡವೆಂದ ಆ ಹಟ ನನಗೆ ಬಹಳ ಇಷ್ಟ. ಅದು ಮಂಗಳೂರ ಸಮಾಚಾರದ ವರ್ಷ, 1843.

ಸೆನೆಫೆಲ್ಡರನಿಗೂ ಬರ್ಲಿನ್ನಿನಲ್ಲಿ 1892ರ ಒಂದು ಸ್ಮಾರಕವಿದೆ. ಮೇಲೆ ಅವನು ಕೂತಿದ್ದಾನೆ, ಕೆಳಗೆ ಪೀಠದ ಮೇಲೆ ಒಬ್ಬ ಪುಟ್ಟ ಹುಡುಗ ಅವನ ಹೆಸರನ್ನು ಕನ್ನಡಿಬರಹದಲ್ಲಿ ಬರೆಯುತ್ತಿದ್ದಾನೆ, ಇನ್ನೊಬ್ಬ ಕನ್ನಡಿ ಹಿಡಿದು ಓದುತ್ತಿದ್ದಾನೆ. ಸುಂದರವಾದ ಕಲ್ಪನೆ. ಆದರೂ ಶಿಲ್ಪಿ ಅರ್ಧ ದಾರಿಯಲ್ಲಿ ನಿಂತ ಎಂದೇ ನನ್ನ ಅಭಿಪ್ರಾಯ. ತಿರುಗುಮುರುಗು ಎಲ್ಲ ಅಚ್ಚಿಗೂ ಇರುವ ಗುಣ. ಮರದಚ್ಚಿಗೂ ಉಂಟು, ರಬ್ಬರ್ ಮುದ್ರೆಗೂ ಉಂಟು. ಕಲ್ಲಚ್ಚಿಗೆ ಮಾತ್ರ ಸೇರಿದ ಗುಣ ನೀರು. ಆ ಸ್ಮಾರಕದಲ್ಲಿ ನೀರೇ ಇಲ್ಲ.

ಹಾಗಾದರೆ ನೀರನ್ನು ಹಾಳೆಯ ಮೇಲೆ ತರುವುದು ಹೇಗೆ? ನೀರಿನ ಹನಿ, ಅಲೆ, ಬಿಂದಿಗೆ ಬರೆಯಬಹುದು. ಅದು ಮತ್ತೆ ನೀರಿನ ಚಿತ್ರವಾಯಿತು. ನೀರಿನ ಕೆಲಸ ಬೇರೆ. ಕಲ್ಲಚ್ಚಿನಲ್ಲಿ ನೀರು ಕಾಗದದ ಮೇಲೆ ಬಿಟ್ಟುಹೋಗುವ ಒಂದೇ ಗುರುತು ಬಿಳಿ. ಕಲ್ಲಚ್ಚಿನ ಯಾವುದೇ ಚಿತ್ರದಲ್ಲಿ ನೀವು ನೋಡುವ ಪ್ರತಿಯೊಂದು ಬಿಳಿ ಜಾಗವನ್ನೂ ನೀರು ಕಾದಿದೆ. ಈ ಮಾತು ಮನಸ್ಸಿಗೆ ಬಂದ ಮೇಲೆ ನಮ್ಮ ಭಿತ್ತಿಪತ್ರದ ನಾಯಕ ಯಾರೆಂದು ತೀರ್ಮಾನವಾಗಿಹೋಯಿತು. ನಮ್ಮ ಸ್ಟುಡಿಯೋದಲ್ಲಿ ವಿದ್ಯಾರ್ಥಿಗಳ ಜೊತೆ ಸೇರಿ ನಾವು ಬರೆದದ್ದು ಇದು: ಹಾಳೆ ತುಂಬ ಕಪ್ಪು ಕಣಕಣವಾದ ಹಿನ್ನೆಲೆ, ಅದರ ನಡುವೆ ಎಡದಿಂದ ಬಲಕ್ಕೆ ಒಂದೇ ಒಂದು ಅಗಲವಾದ ಬಿಳಿ ಬೀಸು, ಒದ್ದೆ ಸ್ಪಂಜನ್ನು ಒಮ್ಮೆ ಎಳೆದ ಹಾಗೆ. ಮುಖ ಇಲ್ಲ, ಯಂತ್ರ ಇಲ್ಲ.

ಇದನ್ನು ಮಾಡುವ ಬಗೆಯನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ವಿನ್ಯಾಸ ಇರುವುದೇ ಅಲ್ಲಿ.

ನಮ್ಮ ದೊಡ್ಡ ಕಲ್ಲು 20 ಇಂಚು ಅಗಲ, 26 ಇಂಚು ಉದ್ದ, 3 ಇಂಚು ದಪ್ಪ. ಅರವತ್ತು ಕಿಲೋಗೂ ಮೀರಿದ ಭಾರ. ಇಬ್ಬರು ಹಿಡಿದರಷ್ಟೇ ಏಳುತ್ತದೆ. ಮೊದಲ ಕೆಲಸ ಹಿಂದಿನ ಚಿತ್ರವನ್ನು ಉಜ್ಜಿ ತೆಗೆಯುವುದು. ಕಾರ್ಬೊರಂಡಮ್ ಪುಡಿ, ನೀರು ಹಾಕಿ, ಕಲ್ಲಿನ ಮೇಲೆ ಇನ್ನೊಂದು ಕಲ್ಲನ್ನು ಎಂಟರ ಅಂಕಿಯ ಹಾಗೆ ತಿರುಗಿಸಬೇಕು. ಒರಟು ಪುಡಿಯಿಂದ ಶುರು, ನಯವಾದದ್ದರಲ್ಲಿ ಮುಕ್ತಾಯ. ಕೊನೆಯ ಪುಡಿ ಎಷ್ಟು ನಯವೋ ಕಲ್ಲಿನ ಕಣವೂ ಅಷ್ಟು ನಯ. ನಮಗೆ ಬೇಕಿದ್ದದ್ದು ದೂರದಿಂದಲೂ ಕಾಣುವ ಕಣ, ಆದ್ದರಿಂದ ತುಸು ಒರಟಿನಲ್ಲೇ ನಿಲ್ಲಿಸಿದೆವು. ಭಿತ್ತಿಪತ್ರವನ್ನು ಹತ್ತು ಅಡಿ ಆಚೆಯಿಂದ ನೋಡುತ್ತಾರೆ ಎಂಬುದನ್ನು ಉಜ್ಜುವ ಪುಡಿಯ ಹಂತದಲ್ಲೇ ನೆನಪಿಡಬೇಕು.

ಬಿಳಿ ಬೀಸನ್ನು ಬರೆಯುವುದು ಬಣ್ಣದಿಂದ ಅಲ್ಲ, ಗೋಂದಿನಿಂದ. ಗಮ್ ಅರೇಬಿಕ್ ಕರಗಿಸಿದ ನೀರನ್ನು ಅಗಲ ಬ್ರಷ್ಷಿನಲ್ಲಿ ತೆಗೆದುಕೊಂಡು, ಉಸಿರು ಹಿಡಿದು, ಒಂದೇ ಎಳೆತ. ಗೋಂದು ಕೂತ ಕಡೆ ಕಲ್ಲು ನೀರಿನ ಪಕ್ಷ ಸೇರಿತು. ಇನ್ನು ಅಲ್ಲಿ ಜಿಡ್ಡಿಗೆ ಪ್ರವೇಶವಿಲ್ಲ. ಹಾಗಾಗಿ ಆ ಬೀಸು ಆವಿಷ್ಕಾರದ ಸಂಕೇತವಷ್ಟೇ ಆಗಿರುವುದಿಲ್ಲ, ಆವಿಷ್ಕಾರವೇ ಅಲ್ಲಿ ನಡೆದಿರುತ್ತದೆ. ಒಂದು ಎಚ್ಚರಿಕೆ ಬೇಕು. ಕನ್ನಡ ಓದುವ ಕಣ್ಣು ಎಡದಿಂದ ಬಲಕ್ಕೆ ಹೋಗುತ್ತದೆ. ಕಾಗದದಲ್ಲಿ ಬೀಸು ಎಡದಿಂದ ಬಲಕ್ಕೆ ಓಡಬೇಕಾದರೆ ಕಲ್ಲಿನ ಮೇಲೆ ಬ್ರಷ್ಷನ್ನು ಬಲದಿಂದ ಎಡಕ್ಕೆ ಎಳೆಯಬೇಕು. ಬ್ರಷ್ಷು ಒಣಗುತ್ತ ಬಂದ ಕೊನೆಯಲ್ಲಿ ಗೆರೆ ಗೆರೆಯಾಗಿ ಹರಿಯುತ್ತದಲ್ಲ, ಆ ಬಾಲ ಯಾವ ಕಡೆ ಬರುತ್ತದೆ ಎಂಬುದರ ಮೇಲೆ ಇಡೀ ಹಾಳೆಯ ಚಲನೆ ನಿಂತಿದೆ.

ಗೋಂದು ಒಣಗಿದ ಮೇಲೆ, ಕೆಳಗೆ ಅಕ್ಷರಕ್ಕೆಂದು ಒಂದು ಪಟ್ಟಿ ಬಿಟ್ಟು, ಕಲ್ಲಿನ ತುಂಬ ಲಿಥೋ ಕ್ರೇಯಾನಿನಿಂದ ಕಪ್ಪು. ಆಮೇಲೆ ರಾಳದ ಪುಡಿ, ಟಾಲ್ಕ್ ಸವರಿ, ನೈಟ್ರಿಕ್ ಆಮ್ಲದ ಕೆಲವೇ ಹನಿ ಬೆರೆಸಿದ ಗೋಂದನ್ನು ಮೇಲೆಲ್ಲ ಹಚ್ಚಿ ಒಂದು ರಾತ್ರಿ ಬಿಡಬೇಕು. ಜಿಡ್ಡು ಕಲ್ಲಿನ ಸುಣ್ಣದ ಜೊತೆ ಸೇರಿ ನೀರಿನಲ್ಲಿ ಕರಗದ ಸಾಬೂನಿನಂಥ ಪದರವಾಗಿ ಕಚ್ಚಿಕೊಳ್ಳುತ್ತದೆ, ಬರೆಯದ ಕಡೆ ಗೋಂದು ಕಚ್ಚಿಕೊಳ್ಳುತ್ತದೆ.

ಮರುದಿನ ನಡೆಯುವುದನ್ನು ಎಷ್ಟು ಸಲ ನೋಡಿದರೂ ನನಗೆ ತಣಿಯುವುದಿಲ್ಲ. ಟರ್ಪಂಟೈನ್ ಸುರಿದು ಬಟ್ಟೆಯಲ್ಲಿ ಒರೆಸಿದರೆ, ಗಂಟೆಗಟ್ಟಲೆ ಬರೆದ ಚಿತ್ರ ಕಣ್ಣೆದುರೇ ಮಾಯ. ಮೊದಲ ಸಲ ನೋಡುವ ವಿದ್ಯಾರ್ಥಿಗಳ ಮುಖ ಕಪ್ಪಿಡುತ್ತದೆ. ಕಲ್ಲು ಬೆಳ್ಳಗೆ, ತೊಳೆದಿಟ್ಟ ಹಾಗೆ. ಓರೆಯಾಗಿ ನೋಡಿದರೆ ಮಾತ್ರ ಒಂದು ಮಸುಕು ಛಾಯೆ. ಆಗ ಒಬ್ಬರು ಒದ್ದೆ ಸ್ಪಂಜಿನಿಂದ ಕಲ್ಲನ್ನು ಸವರಬೇಕು, ತೆಳ್ಳಗೆ ನೀರಿನ ಪರೆ ಮಾತ್ರ ಇರುವ ಹಾಗೆ. ತಕ್ಷಣ ಇನ್ನೊಬ್ಬರು ಮಸಿ ಹಚ್ಚಿದ ಚರ್ಮದ ರೋಲರನ್ನು ಉರುಳಿಸಬೇಕು. ಮೊದಲ ಉರುಳಿಗೆ ಅಲ್ಲಲ್ಲಿ ಬೂದು, ಮತ್ತೆ ನೀರು, ಮತ್ತೆ ರೋಲರ್, ಕಪ್ಪು ತುಂಬಿಕೊಳ್ಳುತ್ತ ಬರುತ್ತದೆ, ಅದರ ನಡುವೆ ಬಿಳಿ ಬೀಸು ಕೆಸುವಿನೆಲೆಯಂತೆ ಮಸಿಯನ್ನು ಅಂಟಿಸಿಕೊಳ್ಳದೆ ಉಳಿಯುತ್ತದೆ. ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಯಲ್ಲಿ ನೀರು ಕ್ಷಣದಲ್ಲಿ ಆರುತ್ತದೆ. ಸ್ಪಂಜು ಹಿಡಿದವರು ಒಂದು ಉಸಿರು ತಡಮಾಡಿದರೆ ಬಿಳಿಯ ಅಂಚಿನಲ್ಲಿ ಮಸಿ ತೆವಳಿಕೊಂಡು ಬರುತ್ತದೆ. ಕಲ್ಲಚ್ಚು ಇಬ್ಬರ ಕೆಲಸ. ಮಸಿಯವರಷ್ಟೇ ನೀರಿನವರೂ ಕಲಾವಿದರು.

ಬಣ್ಣದ ವಿಚಾರಕ್ಕೆ ಹೆಚ್ಚು ಹೊತ್ತು ಬೇಡ. ಕಪ್ಪಿನ ಜೊತೆಗೆ ಒಂದೇ ಬಣ್ಣ, ಸೋಲ್ನ್‌ಹೋಫನ್ ಕಲ್ಲಿನದೇ ಬೂದುಮಿಶ್ರಿತ ಹಳದಿ. ಅದಕ್ಕೆ ಎರಡನೆಯ ಕಲ್ಲು. ಬಿಳಿ ಬಿಳಿಯಾಗಿಯೇ ಉಳಿಯಬೇಕಾದರೆ ಆ ಕಲ್ಲಿನ ಮೇಲೂ ಅದೇ ಜಾಗದಲ್ಲಿ ಗೋಂದು ಬೇಕು. ಆದರೆ ಒಂದೇ ಎಳೆತವನ್ನು ಎರಡು ಸಲ ಎಳೆಯಲು ಯಾರಿಂದಲೂ ಆಗದು. ಮೊದಲ ಕಲ್ಲಿನಿಂದ ತೆಗೆದ ಹಸಿ ಅಚ್ಚಿನ ಮೇಲೆ ಕೆಮ್ಮಣ್ಣಿನ ಪುಡಿ ಉದುರಿಸಿ, ಅದನ್ನು ಎರಡನೆಯ ಕಲ್ಲಿಗೆ ಒತ್ತಿದರೆ ಗುರುತು ಸಿಗುತ್ತದೆ. ಕೆಮ್ಮಣ್ಣಿನಲ್ಲಿ ಜಿಡ್ಡಿಲ್ಲವಾದ್ದರಿಂದ ಅದು ಮುಂದೆ ಅಚ್ಚಿಗೆ ಬರುವುದಿಲ್ಲ. ಗುರುತಿನ ಒಳಗೆ, ಕೂದಲಷ್ಟು ಒಳಕ್ಕೇ ಗೋಂದು ಹಚ್ಚಿದೆವು. ಅದರಿಂದ ಬಿಳಿ ಬೀಸಿನ ಸುತ್ತ ಒಂದು ತೆಳು ಹಳದಿ ಅಂಚು ಬಂತು. ಕಲ್ಲಿನ ಮೇಲೆ ನೀರು ಆರುವಾಗ ಅಂಚಿನಲ್ಲಿ ಕಾಣುವ ಗೆರೆಯಂತೆಯೇ ಇತ್ತು. ಇಡೀ ಹಾಳೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದು.

ಅಕ್ಷರಗಳ ಮೇಲೆ ವಾದ ನಡೆಯಿತು. ಕಂಪ್ಯೂಟರಿನ ಫಾಂಟು ತೆಗೆದು ಸ್ಕ್ರೀನ್ ಪ್ರಿಂಟಿನಲ್ಲಿ ಹಾಕಿದರೆ ಅಚ್ಚುಕಟ್ಟಾಗಿರುತ್ತದೆ ಎಂದು ಕೆಲವರ ಮತ. ಆನಾ ಆಟ್ಕಿನ್ಸ್‌ಳನ್ನು ನೆನೆದು ನಾನು ಒಪ್ಪಲಿಲ್ಲ. ‘ಕಲ್ಲಚ್ಚು’ ಎಂದು ಕಪ್ಪಿನ ಕೆಳಗಿನ ಖಾಲಿ ಪಟ್ಟಿಯಲ್ಲಿ, ಕನ್ನಡಿಬರಹದಲ್ಲಿ, ಬ್ರಷ್ಷಿನಿಂದಲೇ ಬರೆದದ್ದಾಯಿತು. ಮೊಳೆ ಜೋಡಿಸುವವರನ್ನು ಕಾಡುವ ಎರಡು ಒತ್ತುಗಳು ಅದರಲ್ಲಿವೆ. ಬ್ರಷ್ಷಿಗೆ ಅವೇ ಹಬ್ಬ. ಪಕ್ಕದಲ್ಲಿ 1798. ಕೆಳಗೆ ಒಂದೇ ಸಾಲು: ‘ಈ ಬಿಳಿ ಜಾಗದಲ್ಲಿ ನೀರಿತ್ತು.’

ಆ ಸಾಲು ಬೇಕೇ ಎಂದು ಕೇಳುವವರಿದ್ದಾರೆ. ಚಿತ್ರ ತಾನೇ ಮಾತಾಡಬೇಕು ಎಂಬುದು ಅವರ ವಾದ. ನಾನು ಒಪ್ಪುವುದಿಲ್ಲ. ಭಿತ್ತಿಪತ್ರ ಎಂದ ಮೇಲೆ ದಾರಿಹೋಕರ ಜೊತೆ ಮಾತಾಡಬೇಕು. ಕಲ್ಲಚ್ಚು ಎಂದರೇನೆಂದು ಗೊತ್ತಿಲ್ಲದವರು ಆ ಬೀಸಿನ ಎದುರು ನಿಂತು, ಸಾಲು ಓದಿ, ಮತ್ತೆ ತಲೆಯೆತ್ತಿ ಬಿಳಿಯನ್ನು ನೋಡುತ್ತಾರೆ. ಎರಡನೆಯ ಆ ನೋಟ ಮೊದಲಿನಂತಿರುವುದಿಲ್ಲ. ಅದಕ್ಕೆ ಒಂದು ಸಾಲು ಸಾಕು, ಎರಡಾದರೆ ಹೆಚ್ಚು.

ವಿದ್ಯಾರ್ಥಿಗಳು ಬೇರೆ ಆವಿಷ್ಕಾರಗಳನ್ನು ಎತ್ತಿಕೊಂಡರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ. ತಂತಿ ವಾರ್ತೆಯ ಬಗ್ಗೆ ಮರದಚ್ಚು ಮಾಡುವಿರಾದರೆ ಕಂಬ, ತಂತಿ ಬಿಟ್ಟು ಚುಕ್ಕೆ ಗೆರೆಗಳಲ್ಲೇ ಇಡೀ ಚಿತ್ರ ಕೊರೆಯಲು ಸಾಧ್ಯವೆ ನೋಡಿ. ಗುಟ್ಟು ಹಾಳೆಗೆ ಇಳಿಯದ ಆವಿಷ್ಕಾರಗಳೂ ಇವೆ. ಅಂಥದ್ದನ್ನು ಬಲವಂತ ಮಾಡದೆ ಬಿಟ್ಟುಬಿಡುವುದೇ ಮೇಲು.

ಕಲ್ಲು ಎಲ್ಲರಿಗೂ ಸಿಗುವುದಿಲ್ಲ, ನಿಜ. ಶಾಲೆಯ ಮಕ್ಕಳ ಜೊತೆ ಮಾಡಬೇಕೆನ್ನುವ ಚಿತ್ರಕಲಾ ಶಿಕ್ಷಕರು ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ಸಪಾಟಾದ ಹಲಗೆಗೆ ಬಿಗಿದು, ಜಿಡ್ಡಿನ ಕ್ರೇಯಾನಿನಿಂದ ಬರೆದು, ಮೇಲೆ ಕೋಲಾ ಪಾನೀಯ ಸುರಿಯಲಿ. ಅದರಲ್ಲಿರುವ ಫಾಸ್ಫಾರಿಕ್ ಆಮ್ಲ ನಮ್ಮ ಆಮ್ಲದ ಕೆಲಸ ಮಾಡುತ್ತದೆ. ಅಡುಗೆ ಎಣ್ಣೆಯಿಂದ ಬರೆದದ್ದನ್ನು ಒರೆಸಿ, ಸ್ಪಂಜಿನಿಂದ ನೀರು ಸವರಿ, ಎಣ್ಣೆಮಸಿಯ ರೋಲರ್ ಉರುಳಿಸಿದರೆ ಸೆನೆಫೆಲ್ಡರನ ಗುಟ್ಟು ಮಕ್ಕಳ ಕೈಗೇ ಬರುತ್ತದೆ. ಫ್ರಾನ್ಸಿನ ಎಮಿಲಿ ಐಜಿಯೇ ಎಂಬ ಕಲಾವಿದೆ ರೂಪಿಸಿದ ವಿಧಾನ ಇದು. ಹೆಚ್ಚು ಪ್ರತಿ ಬರುವುದಿಲ್ಲ, ಆದರೆ ತತ್ತ್ವ ಅಪ್ಪಟ.

ಇದು ಸತ್ತ ವಿದ್ಯೆ ಎಂದು ಯಾರೂ ತಿಳಿಯಬಾರದು. 1904ರಲ್ಲಿ ಅಮೆರಿಕದ ಐರಾ ರೂಬೆಲ್ ಕಾಗದಕ್ಕೆ ರೂಪಿಸಿದ ಆಫ್‌ಸೆಟ್ ಮುದ್ರಣ ಈ ಕಲ್ಲಚ್ಚಿನ ಮೊಮ್ಮಗು. ಕಲ್ಲು ಹೋಗಿ ಲೋಹದ ತಗಡು ಬಂತು, ನಡುವೆ ರಬ್ಬರು ಬಂತು; ಎಣ್ಣೆ ನೀರಿನ ಜಗಳ ಮಾತ್ರ ಹಾಗೆಯೇ ಇದೆ. ಬೆಳಿಗ್ಗೆ ನೀವು ಓದಿದ ಕನ್ನಡ ಪತ್ರಿಕೆ, ಇವತ್ತಿನ ಸಭೆಯ ಆಮಂತ್ರಣ ಪತ್ರ, ಎರಡೂ ಅದೇ ತತ್ತ್ವದಿಂದ ಅಚ್ಚಾದವು.

ಕೊನೆಯದಾಗಿ ಒಂದು ಕೋರಿಕೆ. ಹಳೆಯ ಅಚ್ಚುಕೂಟಗಳ ಹಿತ್ತಿಲಲ್ಲಿ, ಗೋದಾಮಿನಲ್ಲಿ, ಮನೆಯ ಬಚ್ಚಲ ಪಕ್ಕದಲ್ಲಿ ಎಲ್ಲಾದರೂ ಎರಡು ಮೂರು ಇಂಚು ದಪ್ಪದ, ಬೂದು ಅಥವಾ ನಸುಹಳದಿ ಬಣ್ಣದ, ಒಂದು ಮುಖ ಕನ್ನಡಿಯಂತೆ ನುಣುಪಾದ ಚಪ್ಪಡಿ ನಿಮ್ಮ ಕಣ್ಣಿಗೆ ಬಿದ್ದರೆ ಅದನ್ನು ಒಡೆಸಬೇಡಿ, ಬಟ್ಟೆ ಒಗೆಯಲು ಹಾಕಬೇಡಿ. ನೀರು ಹಾಕಿ ಓರೆ ಬೆಳಕಿನಲ್ಲಿ ನೋಡಿ. ತಿರುಗುಮುರುಗಾದ ಅಕ್ಷರವೋ ಚಿತ್ರವೋ ಕಂಡರೆ ಉಜ್ಜದೆ ಹಾಗೇ ಇಟ್ಟು, ಹತ್ತಿರದ ಕಲಾಶಾಲೆಗೆ ಒಂದು ಮಾತು ತಿಳಿಸಿ. ಒಳ್ಳೆಯ ಕಲ್ಲು ಈಗ ಗಣಿಯಿಂದ ಸುಲಭವಾಗಿ ಬರುವುದಿಲ್ಲ. ಇರುವ ಒಂದೊಂದು ಕಲ್ಲಿನ ಮೇಲೂ ನಮ್ಮ ಮಕ್ಕಳು ಇನ್ನೂ ನೂರು ವರ್ಷ ಬರೆಯಬಹುದು.